ಯಶೋಧರಚರಿತೆಯ ಭವಾವಳಿ: ಸ್ಮರಣೆ ಮತ್ತು ನಿಮಿತ್ತ

ಜನ್ನನ ‘ಯಶೋಧರಚರಿತೆ’ಯನ್ನು (1209) ಅಮೃತಮತಿಯ ಕಥೆಯೆಂದೇ ಓದುವ ರೂಢಿ ಆಧುನಿಕ ವಿಮರ್ಶೆಯಲ್ಲಿ ಬೆಳೆದುಬಂದಿದೆ. ಭವಾವಳಿಯನ್ನು ಸಂಪ್ರದಾಯದ ಹೊರೆಯೆಂದು ಬದಿಗಿರಿಸುವುದೂ ಉಂಟು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ಜನ್ಮಾಂತರಗಳಿಗೆ ಎಡೆಯಿಲ್ಲ. ನಾಟಕಕಾರನಿಗೆ ಆ ಸ್ವಾತಂತ್ರ್ಯ ಸಲ್ಲುತ್ತದೆ. ಕಾವ್ಯದ ವಿಮರ್ಶಕನಿಗೆ ಸಲ್ಲದು. ಏಕೆಂದರೆ ಇಲ್ಲಿ ಕಥೆಯನ್ನು ಹೇಳುವವನು ಉಜ್ಜಯಿನಿಯ ದೊರೆಯಲ್ಲ, ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಬಾಲಕ ಅಭಯರುಚಿ. ಅವನು ‘ನಾನು’ ಎಂದರೆ ಆ ಒಂದು ಮಾತಿನೊಳಗೆ ಯಶೋಧರನೂ ನವಿಲೂ ಮೀನೂ ಹೋತವೂ ಕೋಳಿಯೂ ಅಡಗಿವೆ. ಅಂದಿನ ಮಗ ಯಶೋಮತಿಯೇ ಇಂದಿನ ತಂದೆ. ಅಂದಿನ ತಾಯಿ ಚಂದ್ರಮತಿ ಇಂದಿನ ಸೋದರಿ ಅಭಯಮತಿ. ಹಾಗಾದರೆ ಈ ‘ನಾನು’ ಯಾರು?

ಪೂರ್ವಸ್ಮರಣೆಯೇ ಅವನನ್ನು ಅವನನ್ನಾಗಿ ಮಾಡಿತೆಂಬ ಉತ್ತರ ಸುಲಭವಾದುದು, ಆದರೆ ಸಾಲದು. ನವಿಲಾಗಿ ಹುಟ್ಟಿದಾಗಲೂ ಅವನಿಗೆ ಜಾತಿಸ್ಮರಣೆಯಾಗುತ್ತದೆ. ಆಗ ಕಣ್ಣೆದುರಿಗಿದ್ದವರು ಅಮೃತಮತಿಯೂ ಅಷ್ಟಾವಂಕನೂ. ನೆನಪು ಕ್ರೋಧವಾಗಿ ಹೊಮ್ಮಿ ನವಿಲು ಮೇಲೆರಗುತ್ತದೆ, ಕಡೆಗೆ ನಾಯಾಗಿ ಹುಟ್ಟಿದ್ದ ತಾಯಿಯ ಬಾಯಿಗೇ ಸಿಕ್ಕಿ ಸಾಯುತ್ತದೆ. ಕೋಳಿಯ ಭವದಲ್ಲಿ ಅದೇ ನೆನಪು ಮರಳುತ್ತದೆ. ಈ ಸಲ ಎದುರಿಗಿರುವವನು ತಳಾರ ಚಂಡಕರ್ಮನಿಗೆ ಧರ್ಮವನ್ನು ಬೋಧಿಸುತ್ತಿರುವ ಮುನಿ. ಪಂಜರದ ಕೋಳಿಗಳೆರಡೂ ಕೇಳಿ ವ್ರತವನ್ನು ಕೈಕೊಳ್ಳುತ್ತವೆ. ಹರ್ಷದಿಂದ ಕೂಗಿದ ದನಿಗೇ ಯಶೋಮತಿಯ ಬಾಣ ಬಂದು ತಾಗಿದರೂ ಅವು ಮನುಷ್ಯಜನ್ಮವನ್ನು ಪಡೆಯುತ್ತವೆ. ನೆನಪು ಅದೇ, ಬದಲಾದವರು ಎದುರಿಗಿದ್ದವರು.

ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ತಿರ್ಯಂಚರ ಸಮ್ಯಗ್ದರ್ಶನಕ್ಕೆ ಜಾತಿಸ್ಮರಣ, ಧರ್ಮಶ್ರವಣ, ಜಿನಬಿಂಬದರ್ಶನಗಳೆಂಬ ಮೂರು ಬಾಹ್ಯಸಾಧನಗಳನ್ನು ಹೇಳಿದ್ದಾರೆ. ಕೆಲವರಿಗೆ ಒಂದು, ಕೆಲವರಿಗೆ ಇನ್ನೊಂದು ಎಂಬುದು ಅಲ್ಲಿನ ಕ್ರಮ. ಈ ಜೀವಕ್ಕಾದರೋ ಮೊದಲನೆಯದು ಒಂದೇ ಒದಗಿದಾಗ ಫಲಿಸಲಿಲ್ಲ. ಎರಡನೆಯದು ಕೂಡಿದಾಗ ಫಲಿಸಿತು. ನಿಮಿತ್ತವನ್ನೇ ಕರ್ತೃವೆಂದು ಹೇಳಿದರೆ ಸಿದ್ಧಾಂತಕ್ಕೆ ಹೊರಗಾದೀತು; ಜನ್ನನು ಹಾಗೆ ಹೇಳುವುದೂ ಇಲ್ಲ. ಆದರೂ ಒಂದು ಜೀವದ ಚರಿತ್ರೆಯನ್ನು ಅದರ ಸುತ್ತಣ ಜೀವಗಳಿಂದ ಬೇರ್ಪಡಿಸಿ ಹೇಳಲಾಗದೆಂಬುದು ಅವನ ಕಥನದ ನಡೆಯಲ್ಲಿಯೇ ಇದೆ. ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಒಟ್ಟಿಗೇ ತೊಳಲುವುದಕ್ಕೆ ಒಂದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯಷ್ಟೇ ಸಾಕಾಯಿತು.

ಕಥೆಯನ್ನು ಕೇಳುವ ಮಾರಿದತ್ತನ ಸ್ಥಿತಿ ಬೇರೆ. ತನ್ನ ಪೂರ್ವಭವವನ್ನು ನೆನೆದು ಅವನು ಎಚ್ಚರಗೊಂಡವನಲ್ಲ. ತಾನು ಕೊಲ್ಲಲು ತರಿಸಿದ ಬಾಲಕನ ನೆನಪನ್ನು ಕೇಳುತ್ತ ಕೇಳುತ್ತಲೇ ಅವನು ಬಲಿಯಿಂದ ಹಿಂಜರಿಯುತ್ತಾನೆ.