‘ಪ್ರಳಯ’ವೆಂಬ ಮಾತು

ವಿಶ್ವದ ಅಂತ್ಯವನ್ನು ಕುರಿತು ಕನ್ನಡದಲ್ಲಿ ಬರೆಯುವವರಿಗೆ ‘ಪ್ರಳಯ’ವೆಂಬ ಮಾತು ಸುಲಭವಾಗಿ ಒದಗುತ್ತದೆ. ತರಗತಿಯಲ್ಲಿ ನಾವೂ ಅದನ್ನೇ ಬಳಸಿದೆವು. “ಪ್ರಳಯವಾದ ಮೇಲೆ ಮತ್ತೆ ಸೃಷ್ಟಿ ಯಾವಾಗ, ಸಾರ್?” ಎಂದು ಬಾಲಕನೊಬ್ಬನು ಕೇಳಿದಾಗ ನಮ್ಮ ತಪ್ಪು ನಮಗೆ ತಿಳಿಯಿತು. ಪದವು ಅರ್ಥವನ್ನಷ್ಟೇ ಅಲ್ಲ, ತನ್ನ ಕಥೆಯನ್ನೂ ಹೊತ್ತು ತರುತ್ತದೆ.

ಪುರಾಣದ ಪ್ರಳಯವು ಭವ್ಯವಾದ ಕಲ್ಪನೆಯೆಂಬುದು ನಿರ್ವಿವಾದ. ಹನ್ನೆರಡು ಸೂರ್ಯರು ಉರಿಯುತ್ತಾರೆ, ಮೇಘಗಳು ಗರ್ಜಿಸುತ್ತವೆ, ಏಕಾರ್ಣವದಲ್ಲಿ ಆಲದೆಲೆಯ ಮೇಲೆ ಶಿಶುವು ಮಲಗಿರುತ್ತದೆ, ಅದನ್ನು ಕಾಣಲು ಮಾರ್ಕಂಡೇಯನಿರುತ್ತಾನೆ. 432 ಕೋಟಿ ವರ್ಷಗಳ ಬ್ರಹ್ಮನ ಹಗಲು ಕಳೆದರೆ ಅಷ್ಟೇ ದೀರ್ಘವಾದ ಇರುಳು. ಬಳಿಕ ಮತ್ತೆ ಬೆಳಗು. ಕುಮಾರವ್ಯಾಸನು ರಣರಂಗದ ವರ್ಣನೆಗೆ ಪ್ರಳಯವನ್ನು ಕರೆತರುವುದು ಈ ಉರಿಗಾಗಿ, ಈ ಗರ್ಜನೆಗಾಗಿ. ಅಲ್ಲಿ ಅದು ಉಚಿತವೇ ಸರಿ.

ವಿಜ್ಞಾನವು ಹೇಳುವ ಅಂತ್ಯ ಬೇರೆ. ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ. ಅದು ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಏರುತ್ತಿದೆಯೆಂದು 1998ರಲ್ಲಿ ಎರಡು ತಂಡಗಳು ಸಿಡಿಯುವ ನಕ್ಷತ್ರಗಳನ್ನು ಪರಿಶೀಲಿಸಿ ಸಾರಿದವು. ಹೀಗೆಯೇ ಮುಂದುವರಿದರೆ ದೂರದ ಗೆಲಾಕ್ಸಿಗಳು ಒಂದೊಂದಾಗಿ ಕಣ್ಮರೆಯಾಗುವವು. ಸುಮಾರು ಒಂದು ಕೋಟಿ ಕೋಟಿ ವರ್ಷಗಳ ಹೊತ್ತಿಗೆ ನಕ್ಷತ್ರಗಳ ಹುಟ್ಟು ನಿಲ್ಲುವುದು. ಉಳಿದ ಕೆಂಡಗಳು ತಣ್ಣಗಾಗುವವು. ಇಲ್ಲಿ ಗರ್ಜನೆಯಿಲ್ಲ, ನೋಡಲು ಮಾರ್ಕಂಡೇಯನೂ ಇಲ್ಲ.

ಇದಕ್ಕೆ ಕನ್ನಡದಲ್ಲಿ ಮಾತಿಲ್ಲವೆ? ದೀಪವನ್ನು ‘ಆರಿಸು’ ಎನ್ನಬಾರದೆಂದು ‘ದೊಡ್ಡದು ಮಾಡು’ ಎನ್ನುವ ವಾಡಿಕೆ ನಮ್ಮ ಮನೆಗಳಲ್ಲುಂಟು. ಅಶುಭವನ್ನು ಮರೆಸಲು ಹುಟ್ಟಿದ ಈ ನುಡಿ ವಿಶ್ವದ ಮಟ್ಟಿಗೆ ಅಕ್ಷರಶಃ ಸತ್ಯವಾಗುವಂತಿದೆ: ಅದು ದೊಡ್ಡದಾಗುತ್ತಲೇ ಆರುತ್ತದೆ. ಅಜ್ಜಿಯರ ಈ ಮಾತು ಪಂಡಿತರ ‘ಪ್ರಳಯ’ಕ್ಕಿಂತ ಇಲ್ಲಿ ಸಮರ್ಪಕವೆಂದು ನಮ್ಮ ಅಭಿಪ್ರಾಯ.

ಆದರೆ ಇದೂ ಕಡೆಯ ಮಾತಲ್ಲ. ಪುರಾಣದ ಮಾತಿಗೆ ಶ್ರದ್ಧೆ ಸಾಕು. ವಿಜ್ಞಾನದ ಮಾತಿಗೆ ಅಳತೆ ಬೇಕು. ನಮ್ಮ ಎಮರಾಲ್ಡಿಗೆ ಸಮೀಪದ ಮುತ್ತೊರೈಯಲ್ಲಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ 1970ರಲ್ಲಿ ಸಿದ್ಧವಾದ, 530 ಮೀಟರ್ ಉದ್ದದ ರೇಡಿಯೊ ದೂರದರ್ಶಕವು ಇದಕ್ಕೆ ನಿದರ್ಶನ. ವಿಶ್ವವು ಎಂದೆಂದಿಗೂ ಒಂದೇ ತೆರನಾಗಿದೆಯೆಂಬ ವಾದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು, ದೂರದ ರೇಡಿಯೊ ಆಕರಗಳನ್ನು ಅಳೆದು, 1975ರಲ್ಲಿ ಅದು ಒದಗಿಸಿತು. ವಿಶ್ವವನ್ನು ಹಿಗ್ಗಿಸುವ ಶಕ್ತಿಯೇ ಕುಂದುತ್ತಿರಬಹುದೆಂಬ ಸೂಚನೆಗಳು 2024, 2025ರಲ್ಲಿ ಹೊರಬಂದಿವೆ.

ಆದುದರಿಂದ ಪ್ರಳಯವು ಪದ್ಯಪಾಠದಲ್ಲಿರಲಿ. ವಿಜ್ಞಾನಪಾಠದಲ್ಲಿ ದೀಪವು ಆರಲಿ. ಮತ್ತೆ ಸೃಷ್ಟಿ ಯಾವಾಗವೆಂದು ಕೇಳಿದ ಬಾಲಕನಿಗೆ “ಇನ್ನೂ ತಿಳಿದಿಲ್ಲ, ಮಗು” ಎಂದೆವು. ಉಪಾಧ್ಯಾಯರು ನಾಚಬೇಕಾದ ಉತ್ತರವಲ್ಲ ಅದು.