ಉಳಿದ ಆರು ದಿನ

ಬಾಸೆಲ್ ಮಿಶನ್ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಅಕ್ಷರದ ಕೆಲಸ: 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, 1894ರಲ್ಲಿ ಅಚ್ಚಾದ ಫರ್ಡಿನಂಡ್ ಕಿಟ್ಟೆಲರ ನಿಘಂಟು. ಆ ಸಾಧನೆಯ ಬಗ್ಗೆ ಸಾಕಷ್ಟು ಬರೆದಾಗಿದೆ. ಅದೇ ಮಿಶನ್ ಮಂಗಳೂರಿನಲ್ಲಿ ಮಗ್ಗ ಹೂಡಿತು, ಹೆಂಚು ಸುಟ್ಟಿತು, ನೂರಾರು ಜನಕ್ಕೆ ಕೂಲಿ ಕೊಟ್ಟಿತು. ಅದರ ಚರಿತ್ರೆ ಬರೆಯುವವರು ಇದನ್ನು ಕೈಗಾರಿಕೆಯ ಅಧ್ಯಾಯಕ್ಕೆ ಸೇರಿಸಿ ಮುಂದೆ ಹೋಗುತ್ತಾರೆ. ನನಗೆ ಅದು ಧರ್ಮದ ಅಧ್ಯಾಯವಾಗಿಯೇ ಕಾಣುತ್ತದೆ. ಕ್ರೈಸ್ತ ನಂಬಿಕೆಯನ್ನು ಭಾನುವಾರದ ಆರಾಧನೆಯಿಂದಾಚೆಗೆ, ಉಳಿದ ಆರು ದಿನಗಳ ಬದುಕಿಗೆ ತರುವ ಪ್ರಯತ್ನ ಕರಾವಳಿಯಲ್ಲಿ ಇಷ್ಟು ದೊಡ್ಡದಾಗಿ ಬೇರೆಲ್ಲೂ ನಡೆದಂತಿಲ್ಲ. ಅದರ ಗೆಲುವನ್ನೂ ಸೋಲನ್ನೂ ಆ ನಂಬಿಕೆಯ ಅಳತೆಯಿಂದಲೇ ನೋಡಬೇಕು.

ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಬೋಧನೆ ಮಾಡಲು ಬಂದವರು, ಕಾರ್ಖಾನೆ ಕಟ್ಟಲು ಬಂದವರಲ್ಲ. ಆದರೆ ಅವರ ಮಾತು ಕೇಳಿ ದೀಕ್ಷಾಸ್ನಾನ ಪಡೆದವನ ಮನೆಯಲ್ಲಿ ಮರುದಿನವೇ ಒಲೆಯ ಪ್ರಶ್ನೆ ಎದ್ದಿತು. ಹಾಗೆ ಸಭೆಗೆ ಬಂದವರಲ್ಲಿ ಬಹಳಷ್ಟು ಮಂದಿ ಬಿಲ್ಲವರು. ಅವರಲ್ಲಿ ಅನೇಕರದು ಮೂರ್ತೆಯ ಕಸುಬು. ಕಳ್ಳು ಇಳಿಸುವುದು ಕ್ರೈಸ್ತನಿಗೆ ತಕ್ಕ ಕೆಲಸವಲ್ಲ ಎಂದಿತು ಮಿಶನ್. ಒಕ್ಕಲುತನ ಮಾಡುತ್ತಿದ್ದವನಿಗೆ ಬೇರೊಂದು ಸಂಕಟ. ಭೂತದ ಕೋಲಕ್ಕೆ ಹೋಗದವನನ್ನು, ಕಟ್ಟಲೆಯ ಸೇವೆ ಸಲ್ಲಿಸದವನನ್ನು ಗುತ್ತಿನ ಮನೆಯವರು ಗೇಣಿಯಲ್ಲಿ ಉಳಿಸಿಕೊಳ್ಳಬೇಕೆಂದೇನೂ ಇರಲಿಲ್ಲ. ಮೇಲಾಗಿ ಬಂಧುಗಳ ಬಾಗಿಲು ಮುಚ್ಚಿತು. ನಂಬಿಕೆ ಬದಲಾಯಿಸಿದವನು ಒಂದೇ ಏಟಿಗೆ ಕಸುಬು, ನೆಲ, ನೆಂಟಸ್ತನ ಮೂರನ್ನೂ ಕಳೆದುಕೊಳ್ಳುತ್ತಿದ್ದ.

ಬಟ್ಟೆಯಿಲ್ಲದೆ, ಊಟವಿಲ್ಲದೆ ನಿಂತ ಸಹೋದರನಿಗೆ ಒಳ್ಳೆಯ ಮಾತು ಹೇಳಿ ಬರಿಗೈಯಲ್ಲಿ ಕಳಿಸುವವನ ನಂಬಿಕೆ ಸತ್ತ ನಂಬಿಕೆ ಎನ್ನುತ್ತದೆ ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ. ಮಂಗಳೂರಿನಲ್ಲಿ ಆ ಮಾತಿನ ಮೊನೆ ಇನ್ನೂ ಹರಿತವಾಗಿತ್ತು. ಇಲ್ಲಿ ಸಹೋದರನನ್ನು ಬರಿಗೈ ಮಾಡಿದ್ದೇ ಸಭೆಯ ಬೇಡಿಕೆ. ಈ ಹೊಣೆಯನ್ನು ಮಿಶನ್ ತಳ್ಳಿಹಾಕಲಿಲ್ಲ. ಅದರ ಕೈಗಾರಿಕೆಯ ನೈತಿಕ ಬೇರು ಇರುವುದು ಇಲ್ಲಿ. ನೀನು ಇದನ್ನು ಬಿಡು ಎಂದು ಹೇಳುವವನು ಬಿಟ್ಟ ಮೇಲೆ ನೀನು ಏನು ತಿನ್ನುತ್ತೀ ಎಂದೂ ಕೇಳಬೇಕು. ಎಲ್ಲ ಧರ್ಮಗಳ ಸುಧಾರಕರೂ ಎಷ್ಟೋ ಸಲ ಮರೆಯುವ ಪ್ರಶ್ನೆ ಇದು. ಮಿಶನ್ನಿನವರು ಅದನ್ನು ಮರೆಯಲಿಲ್ಲ ಎಂಬುದಕ್ಕೇ ನಾನು ಅವರನ್ನು ಗೌರವಿಸುತ್ತೇನೆ.

ದಾರಿ ಸುಲಭವಾಗಿ ಸಿಗಲಿಲ್ಲ. ಬೇಸಾಯ ಪ್ರಯತ್ನಿಸಿದರು, ಗಡಿಯಾರದ ಕೆಲಸ ಕಲಿಸಲು ನೋಡಿದರು, ಅವು ಕೈಹಿಡಿಯಲಿಲ್ಲ. 1851ರಲ್ಲಿ ಬಂದ ನೇಕಾರ ಹಾಲರ್ ಯುರೋಪಿನ ಮಗ್ಗದ ಪದ್ಧತಿ ತಂದ ಮೇಲೆ ನೇಯ್ಗೆ ನೆಲೆನಿಂತಿತು. ಆಮೇಲೆ ಬಂದದ್ದು ಹೆಂಚು. ಮುದ್ರಣಾಲಯದ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಈ ನೆಲದ ಜೇಡಿಮಣ್ಣಿನ ಗುಣ ಕಂಡುಕೊಂಡು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ಬದಿಯಲ್ಲಿ ಕಾರ್ಖಾನೆ ತೆರೆದರು. ಮಣ್ಣು ನೆನೆಸಿ, ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಟ್ಟು, ಒಂದೊಂದನ್ನೂ ಬಡಿದು ನೋಡಿ ಕಣಿಕಣಿ ಎನ್ನದ್ದನ್ನು ಬದಿಗಿಡುವ ಕೆಲಸ. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್, ಪಾಲಕ್ಕಾಡುಗಳಲ್ಲೂ ಮಿಶನ್ನಿನ ಭಟ್ಟಿಗಳು ಉರಿದವು. ಹೆಂಚಿನ ಬೆನ್ನ ಮೇಲೆ ಒತ್ತಿದ ಹೆಸರು ಮತ್ತು 1865 ಎಂಬ ಇಸವಿ ಹಳೆಯ ಮನೆ ಕೆಡವುವಾಗ ಇವತ್ತಿಗೂ ಕಾಣಸಿಗುತ್ತವೆ.

ಈ ಜನ ಬಂದ ಮಣ್ಣನ್ನೂ ಗಮನಿಸಬೇಕು. ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದರೂ ಅದರ ಮಿಶನರಿಗಳಲ್ಲಿ ಬಹುಪಾಲು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನವರು, ರೈತರ ಮತ್ತು ಕಸುಬುದಾರರ ಮಕ್ಕಳು, ಪೈಟಿಸ್ಟ್ ಭಕ್ತಿಪಂಥದಲ್ಲಿ ಬೆಳೆದವರು. ಮೈಮುರಿದು ದುಡಿಯುವುದು, ಲೆಕ್ಕ ಸರಿಯಾಗಿಡುವುದು, ದುಂದು ಮಾಡದಿರುವುದು ಅವರಿಗೆ ಪ್ರಾರ್ಥನೆಯಷ್ಟೇ ಸಹಜ. ಕೊರಿಂಥದಲ್ಲಿ ಗುಡಾರ ಹೊಲಿದು ಬದುಕಿದ ಪೌಲ ಅವರ ಆದರ್ಶ. ಆದ್ದರಿಂದಲೇ ಜೆಪ್ಪುವಿನ ಹೆಂಚು ಸೋರಲಿಲ್ಲ. ಇದನ್ನು ಬಹಳ ದೊಡ್ಡ ವಿಷಯವೆಂದೇ ಹೇಳುತ್ತೇನೆ. ಬೈಬಲ್ ಓದದ, ಇಗರ್ಜಿಯ ಮೆಟ್ಟಿಲು ಹತ್ತದ ಒಂದು ಕುಟುಂಬ ಆಷಾಢದ ಮಳೆಯಲ್ಲಿ ಒಣಗಿದ ನೆಲದ ಮೇಲೆ ಮಲಗುತ್ತದೆಂದರೆ, ಗುರುತಿಲ್ಲದವರ ಬಗ್ಗೆ ಕೆಲಸಗಾರನೊಬ್ಬ ವಹಿಸಿದ ಕಾಳಜಿ ಆ ಮಾಡಿನಲ್ಲಿದೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಗೆ ಇದಕ್ಕಿಂತ ಮಿತವಾದ, ಇದಕ್ಕಿಂತ ಪ್ರಾಮಾಣಿಕವಾದ ರೂಪ ನನಗೆ ಹೊಳೆಯುತ್ತಿಲ್ಲ. ಮುಳಿಹುಲ್ಲಿನ ಮಾಡಿಗೆ ಪ್ರತಿವರ್ಷ ಹುಲ್ಲು ಹೊದೆಸಿ, ಬೇಸಗೆಯಲ್ಲಿ ಬೆಂಕಿಗೆ ಹೆದರಿ ಬದುಕಿದವರಿಗೆ ಇದರ ಬೆಲೆ ಗೊತ್ತು. ಕಸುಬು ಮಿಶನ್ನಿನ ಬೇಲಿಯೊಳಗೂ ನಿಲ್ಲಲಿಲ್ಲ. 1868ರಷ್ಟರಲ್ಲೇ ಕಥೋಲಿಕರಾದ ಆಲ್ಬುಕರ್ಕ್ ಮನೆತನದವರು ತಮ್ಮ ಕಾರ್ಖಾನೆ ತೆರೆದರು. ಬಳಿಕ ಎಲ್ಲ ಸಮುದಾಯದವರೂ ಬಂದರು. ಹೆಂಚಿಗೆ ‘ಮಂಗಳೂರು ಹೆಂಚು’ ಎಂದು ಊರಿನ ಹೆಸರೇ ಬಂತು.

ಜಾತಿಯ ವಿಷಯದಲ್ಲೂ ಕಾರ್ಖಾನೆ ಬೋಧನೆಗಿಂತ ಮುಂದೆ ಹೋಯಿತು ಎಂದು ನನ್ನ ಅಭಿಪ್ರಾಯ. ಸಭೆಯೊಳಗೆ ಜಾತಿ ಇರಕೂಡದು ಎಂಬುದರಲ್ಲಿ ಬಾಸೆಲಿನವರು ಬಿಗಿಯಾಗಿದ್ದರು. 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಊರಿಗೆ ಊರೇ ಕದಡಿತು. ಅಂಥ ಘಟನೆಗಳು ಸದ್ದು ಮಾಡುತ್ತವೆ. ಸದ್ದಿಲ್ಲದೆ ನಡೆದದ್ದು, ಹುಟ್ಟಿನಿಂದ ಬಂದ ಕಸುಬಿನ ಹಗ್ಗ ಸಡಿಲವಾದದ್ದು. ಕುಂಬಾರನಲ್ಲದವನು ಮಣ್ಣು ಮುಟ್ಟಿದ, ನೇಕಾರನಲ್ಲದವನು ಲಾಳಿ ಹಿಡಿದ. ಕ್ರೈಸ್ತರಲ್ಲದವರೂ ಪಕ್ಕದಲ್ಲೇ ದುಡಿದರು. ಹಾಗೆಂದು ಕುಲಾಲರ ನಾಡಹೆಂಚಿಗೆ ಗಿರಾಕಿ ತಗ್ಗಿದ್ದನ್ನೂ ಭಟ್ಟಿಗಳಿಗೆ ಸುರಿದ ಕಾಡಿನ ಸೌದೆಯನ್ನೂ ಲೆಕ್ಕಕ್ಕೆ ಹಿಡಿಯದಿರುವುದು ನ್ಯಾಯವಲ್ಲ. ಒಬ್ಬ ನೆರೆಯವನಿಗೆ ಕೊಟ್ಟ ಅನ್ನ ಇನ್ನೊಬ್ಬ ನೆರೆಯವನ ತಟ್ಟೆಯಿಂದ ಬಂತೇ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ.

ಆದರೆ ನನ್ನ ಮುಖ್ಯ ತಕರಾರು ಬೇರೆ. ಕಾರ್ಖಾನೆಯಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಭಾನುವಾರ ಭಟ್ಟಿಗೆ ರಜೆ. ಕಾಯಿಲೆ ಬಿದ್ದವರಿಗೆ ನಿಧಿ, ಉಳಿತಾಯದ ಏರ್ಪಾಡು ಇದ್ದವು. ಆ ಕಾಲದ ಗಿರಣಿಗಳಿಗೆ ಹೋಲಿಸಿದರೆ ಇದು ಮೆಚ್ಚತಕ್ಕದ್ದೇ. ಜೊತೆಗೇ ಸಭೆಯ ಶಿಸ್ತೂ ಇತ್ತು. ಕುಡಿದವನನ್ನು, ಹಳೆಯ ದೈವಕ್ಕೆ ಹರಕೆ ಹೊತ್ತವನನ್ನು ಪ್ರಭುಭೋಜನದಿಂದ ದೂರ ಇಡುವ ಅಧಿಕಾರ ಮಿಶನರಿಗಳದ್ದು. ಕೂಲಿಯೂ ಮನೆಯೂ ಮಕ್ಕಳ ಶಾಲೆಯೂ ಅದೇ ಮಿಶನ್ನಿನಿಂದ ಬರುವಾಗ ಆ ಶಿಸ್ತಿಗೆ ಬೇರೆಯೇ ಭಾರ ಬಂದುಬಿಡುತ್ತದೆ. ಪ್ರಭುಭೋಜನದ ರೊಟ್ಟಿ, ಮನೆಯ ಗಂಜಿ ಎರಡೂ ಒಂದೇ ಕೈಯಿಂದ ಬರುತ್ತಿದ್ದರೆ, ಉಣ್ಣುವವನ ‘ನಂಬುತ್ತೇನೆ’ ಎಂಬ ಮಾತನ್ನು ಯಾರೂ ನಿಶ್ಚಿಂತೆಯಿಂದ ನಂಬಲಾರರು. ಹೊರಗಿನವರು ‘ಹೊಟ್ಟೆಗಾಗಿ ಸೇರಿದವರು’ ಎಂದು ಆಡಿಕೊಂಡರು. ಆ ಮಾತು ಕ್ರೂರ. ತಮ್ಮದೆಲ್ಲ ಕಳೆದುಕೊಂಡು ಬಂದವರಿಗೆ ಅದು ಅನ್ಯಾಯ. ಅಂಥ ಮಾತಿಗೆ ಎಡೆಕೊಟ್ಟದ್ದು ಮಾತ್ರ ವ್ಯವಸ್ಥೆಯ ದೋಷ. ಅದರ ನೋವು ತಟ್ಟಿದ್ದು ಮಿಶನರಿಗಲ್ಲ, ಮಣ್ಣು ತುಳಿದವನಿಗೆ.

ವುರ್ಟೆಂಬರ್ಗಿನ ಮನೆಯ ಅಭ್ಯಾಸ ಯಾವುದು, ಸುವಾರ್ತೆ ಯಾವುದು ಎಂಬ ಗೆರೆಯನ್ನೂ ಅವರು ಸರಿಯಾಗಿ ಎಳೆಯಲಿಲ್ಲ. ಗಂಟೆ ಬಾರಿಸಿದೊಡನೆ ಬಂದು ನಿಲ್ಲುವುದು ಒಳ್ಳೆಯ ರೂಢಿ. ಅದನ್ನೇ ಭಕ್ತಿಯ ಗುರುತಾಗಿ ಎಣಿಸಿದರೆ, ಹೊತ್ತು ನೋಡಿ ಬದುಕದ ಒಕ್ಕಲಿನವನ ಭಕ್ತಿ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ದೋಷ ಬಯಲಾದದ್ದು ಮೊದಲ ಮಹಾಯುದ್ಧದಲ್ಲಿ. 1914ರ ನಂತರ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಸೆರೆಯಲ್ಲಿಟ್ಟಿತು, ದೇಶದಿಂದ ಕಳಿಸಿತು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಅರ್ಧ ಶತಮಾನ ದುಡಿದ ಕೈಗಳಿಗೆ ಒಡೆತನದಲ್ಲಿ ಪಾಲಿರಲಿಲ್ಲ. 1859ರಿಂದಲೂ ವ್ಯಾಪಾರದ ಕಂಪನಿ ಬಾಸೆಲಿನಲ್ಲಿತ್ತು, ಲೆಕ್ಕ ಅಲ್ಲಿ, ತೀರ್ಮಾನ ಅಲ್ಲಿ. ಊರಿನವರನ್ನು ಸಹೋದರರೆಂದು ಕರೆದವರು ಅವರನ್ನು ಪಾಲುದಾರರೆಂದು ಎಣಿಸಲಿಲ್ಲ. ಕೌಂಡಿನ್ಯರಂಥವರನ್ನು ಬಾಸೆಲಿಗೆ ಕಳಿಸಿ ಓದಿಸಿ ಮಿಶನರಿ ಮಾಡಬಲ್ಲವರಿಗೆ ಕಾರ್ಖಾನೆಯ ಕೀಲಿಕೈಯನ್ನು ಊರಿನವರ ಕೈಗಿಡಲಾಗಲಿಲ್ಲ ಎಂಬುದನ್ನು ಕಾಲದ ತಪ್ಪು ಎಂದು ಹೇಳಿ ಬಿಡಲು ನನ್ನಿಂದಾಗದು.

ಇದೇ ಪರಂಪರೆಯ ಇನ್ನೊಂದು ಕೆಲಸ ಉಡುಪಿಯ ಆಸ್ಪತ್ರೆ. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಅದನ್ನು ಆರಂಭಿಸಿದರು. ಹೆರಿಗೆಗೆ ಬಂದವಳು ಮಗುವನ್ನು ಎತ್ತಿಕೊಂಡು ತನ್ನ ದೇವರ ಕಡೆಗೇ ಹೋಗಬಹುದಿತ್ತು. ಹೆರಿಗೆ ಮಾಡಿಸಿದವರು ಅವಳ ಸಭೆಯ ಸದಸ್ಯತ್ವ ಬರೆಯುವವರಾಗಿರಲಿಲ್ಲ. ಅಲ್ಲಿ ಪ್ರೀತಿ ಮತ್ತು ಶಿಸ್ತು ಒಂದೇ ಮೇಜಿನ ಮೇಲೆ ಕೂರಲಿಲ್ಲ. ಜೆಪ್ಪುವಿನ ಕಾರ್ಖಾನೆಗಿಂತ ಈ ಆಸ್ಪತ್ರೆಯಲ್ಲಿ ನಂಬಿಕೆ ಹೆಚ್ಚು ಸ್ವಚ್ಛವಾಗಿ ಕೆಲಸಕ್ಕಿಳಿಯಿತು ಎಂದು ನಾನು ಹೇಳುವುದು ಈ ಕಾರಣಕ್ಕೆ.

1947ರಲ್ಲಿ ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿದವು. ಇಂದು ಕರಾವಳಿಯ ಎಲ್ಲ ಪಂಗಡಗಳ ಕ್ರೈಸ್ತರ ಕೈಯಲ್ಲಿ ಶಾಲೆಗಳಿವೆ, ಆಸ್ಪತ್ರೆಗಳಿವೆ, ನೆಲವಿದೆ. ಕೂಲಿ ಕೊಡುವ ಜಾಗದಲ್ಲಿ ಈಗ ಊರಿನವರೇ ಕುಳಿತಿದ್ದಾರೆ. ಹಾಗಾಗಿ ಜೆಪ್ಪುವಿನ ಪ್ರಶ್ನೆಗಳನ್ನು ಇನ್ನು ಬಾಸೆಲಿನತ್ತ ತಿರುಗಿಸಿ ಕೂರುವಂತಿಲ್ಲ. ಶಾಲೆಯ ಆಯಾಗೆ, ಆಸ್ಪತ್ರೆಯ ಕಸ ಗುಡಿಸುವವಳಿಗೆ, ಗುತ್ತಿಗೆಯ ಮೇಲೆ ಪಾಠ ಹೇಳುವ ಮೇಷ್ಟರಿಗೆ ತಿಂಗಳ ಕೊನೆಯಲ್ಲಿ ಎಷ್ಟು ಕೈಗೆ ಬರುತ್ತದೆ, ಆಡಳಿತ ಮಂಡಳಿಯ ಎದುರು ಅವರು ಭಯವಿಲ್ಲದೆ ಬಾಯಿ ತೆರೆಯಬಲ್ಲರೇ ಎಂಬುದನ್ನು ಪ್ರತಿ ಸಭೆಯೂ ತನ್ನ ವಾರ್ಷಿಕ ಲೆಕ್ಕದ ಜೊತೆಗೆ ಓದಿ ಹೇಳಬೇಕು.