ಬಳ್ಳಾರಿಯ ನೆಲದ ನಿಘಂಟು

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲನ್ನು ಕನ್ನಡಕ್ಕೆ ತರಲು ಅವರು ಹಿಡಿದ ಕೆಲಸ 1831ರ ಹೊತ್ತಿಗೆ ಮುಗಿಯಿತು. ಅದು ದೊಡ್ಡ ಸಾಧನೆ, ನಿಜ. ಆದರೆ ನನ್ನ ಮನಸ್ಸು ನಿಲ್ಲುವುದು ಅವರ ಜೊತೆಗಾರ ವಿಲಿಯಂ ರೀವ್ ಕಟ್ಟಿದ ನಿಘಂಟಿನ ಮೇಲೆ.

ಇಂಗ್ಲಿಷ್-ಕನ್ನಡ ಭಾಗ 1824ರಲ್ಲಿ, ಕನ್ನಡ-ಇಂಗ್ಲಿಷ್ ಭಾಗ 1832ರಲ್ಲಿ ಮದ್ರಾಸಿನಲ್ಲಿ ಅಚ್ಚಾದವು. ಆಧಾರಕ್ಕೆ ಇಂಥ ದೊಡ್ಡ ಕೋಶವೊಂದು ಮೊದಲೇ ಇರಲಿಲ್ಲ. ಬಿಸಿಲೂರಿನಲ್ಲಿ ಕೂತು ಪದ ಕೇಳಬೇಕು, ಬರೆದುಕೊಳ್ಳಬೇಕು, ಮತ್ತೊಬ್ಬರನ್ನು ಕೇಳಿ ತಿದ್ದಬೇಕು, ಮತ್ತೆ ಅಕ್ಷರಕ್ರಮಕ್ಕೆ ಜೋಡಿಸಬೇಕು. ಒಂದೊಂದೇ ಕಾಳು ಆರಿಸಿ ಕಣಜ ತುಂಬುವಂಥ ತಾಳ್ಮೆ ಅದು. ಊರಿನ ಪಂಡಿತರ ನೆರವಿಲ್ಲದೆ ಇದು ಆಗುವ ಮಾತಲ್ಲ. ಅವರಿಗೂ ಅಷ್ಟೇ ಋಣಿಗಳು ನಾವು.

1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಈ ನಿಘಂಟಿನ ಕನ್ನಡ-ಇಂಗ್ಲಿಷ್ ಭಾಗವನ್ನು ಪರಿಷ್ಕರಿಸಿ ಬೆಂಗಳೂರಿನಲ್ಲಿ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನಿಂದ ಕಿಟೆಲ್ ನಿಘಂಟು ಬಂದ ಮೇಲೆ ರೀವ್ ಹೆಸರು ಹಿಂದೆ ಸರಿಯಿತು. ಕಿಟೆಲ್ಲರನ್ನು ನಾಡೆಲ್ಲ ನೆನೆಯುತ್ತದೆ, ನೆನೆಯಲೇಬೇಕು. ರೀವ್ ಅವರನ್ನು ಬಳ್ಳಾರಿಯೇ ಮರೆತದ್ದು ನ್ಯಾಯವಲ್ಲ.

ಲಂಡನ್ ಮಿಷನ್ ಕಟ್ಟಿದ ವಾರ್ಡ್‌ಲಾ ಶಾಲೆ ನಗರದಲ್ಲಿದೆ, ನಿಘಂಟಿನ ಪ್ರತಿ ಅಂತರ್ಜಾಲದಲ್ಲಿ ಓದಲು ಸಿಗುತ್ತದೆ. ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ನಿವೃತ್ತ ಮೇಷ್ಟ್ರು-ಟೀಚರ್ ದಂಪತಿಗಳೇ, ವರ್ಷಕ್ಕೊಂದು ವಾರ ಬಿಡುವು ಮಾಡಿಕೊಂಡು ನಿಮ್ಮೂರ ಶಾಲೆಯ ಮಕ್ಕಳಿಗೆ ಈ ಪುಟಗಳನ್ನು ತೆರೆದು ತೋರಿಸಿ.